ಕೆಂಪು ಟೇಪಿನ ಕಟ್ಟು

ಎಡಗಡೆಯ ರಾಶಿಯನ್ನು ಕಟ್ಟಿ ಕಳಿಸಿದೆನೋ, ಬಲಗಡೆಯದನ್ನೋ?

ಕೊರಿಯರಿನವನು ಉದ್ದನೆಯ ಕಟ್ಟನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದ ಮೇಲೆ ಅವಳ ತಲೆಗೆ ಹೊಕ್ಕ ಪ್ರಶ್ನೆ ಇದು. ಹೊಕ್ಕದ್ದು ಹೊರಡಲಿಲ್ಲ. ಹಾಲು ಕಾಯಿಸುವಾಗ ಅದೇ, ಮಗಳ ಕೂದಲು ಬಾಚುವಾಗ ಅದೇ, ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋಗಿ ಕ್ಲಿಪ್ಪು ಕೈಯಲ್ಲಿ ಹಿಡಿದುಕೊಂಡು ನಿಂತಾಗಲೂ ಅದೇ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹತ್ತಿರಕ್ಕೆ ನಾಲಿಗೆ ಹೋಗಿ ಹೋಗಿ ಬರುವ ಹಾಗೆ ಮನಸ್ಸು ಆ ಮೇಜಿನ ಹತ್ತಿರಕ್ಕೇ ಹೋಗಿ ಬರುತ್ತಿತ್ತು. ವಾರವಾಗುತ್ತ ಬಂದರೂ ಬಿಟ್ಟಿರಲಿಲ್ಲ.

ಆ ಮೇಜು ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಬೇರೆಯವರ ಮನೆಯಲ್ಲಿ ಅದು ಮಗುವಿನ ಕೋಣೆಯೋ ನೆಂಟರ ಕೋಣೆಯೋ ಆಗಿರುತ್ತಿತ್ತು. ಇವಳ ಮನೆಯಲ್ಲಿ ಅದು ಗಾಲ್ಫ್ ಕೋಲುಗಳ ಬಿಡಿಭಾಗಗಳ ಕೋಣೆ. ಗೋಡೆಯುದ್ದಕ್ಕೂ ರಟ್ಟಿನ ಕೊಳವೆಗಳು, ಅವುಗಳ ತುಂಬ ಉಕ್ಕಿನ ಶಾಫ್ಟುಗಳು, ಅಂದರೆ ಕೋಲಿನ ಉದ್ದನೆಯ ದಂಡಗಳು. ಕೆಳಗಿನ ಗೂಡುಗಳಲ್ಲಿ ಒಂದೊಂದಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ, ಚೆಂಡಿಗೆ ಹೊಡೆಯುವ ಕಬ್ಬಿಣದ ತಲೆಗಳು. ಕಿಟಕಿಯ ಪಕ್ಕ ಕೈಹಿಡಿಗೆ ಹಾಕುವ ರಬ್ಬರಿನ ಗ್ರಿಪ್ಪುಗಳ ಪೆಟ್ಟಿಗೆ. ಬೇಸಿಗೆಯಲ್ಲಿ ಅದರ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅಂಟಿನ ಬಾಟಲಿಗಳು ಮಗಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಮಗಳು ಬೆಳೆದಂತೆ ಅವೂ ಒಂದೊಂದು ಹಲಗೆ ಮೇಲಕ್ಕೆ ಹತ್ತುತ್ತಿದ್ದವು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕೋಲು ಎಲ್ಲರಿಗೂ ಸರಿಹೋಗುವುದಿಲ್ಲ. ಕೆಲವರು ಉದ್ದ, ಕೆಲವರು ಗಿಡ್ಡ. ಒಬ್ಬರ ಬೀಸು ಜೋರು, ಒಬ್ಬರದು ನಿಧಾನ. ಅಂಥವರು ದರ್ಜಿಯ ಹತ್ತಿರ ಹೋದ ಹಾಗೆ ಕೋಲು ಕಟ್ಟುವವರ ಹತ್ತಿರ ಹೋಗಿ ತಮ್ಮ ಅಳತೆಗೆ ಮಾಡಿಸಿಕೊಳ್ಳುತ್ತಾರೆ. ಆ ಕಟ್ಟುವವರಿಗೆ ಬೇಕಾದ ತಲೆ, ಶಾಫ್ಟು, ಗ್ರಿಪ್ಪು, ಅಂಟು, ತಲೆಗೂ ಶಾಫ್ಟಿಗೂ ನಡುವೆ ಕೂರುವ ಉಂಗುರದಂಥ ಕಪ್ಪು ಪ್ಲಾಸ್ಟಿಕ್ಕಿನ ಕಾಲರು, ಇವನ್ನೆಲ್ಲ ಹಂಚುವುದು ಅವಳ ಕಸುಬು. ಅಪ್ಪನಿಂದ ಬಂದದ್ದು. ಅಪ್ಪ ಬ್ಯಾಗು ಹಿಡಿದು ಊರೂರು ತಿರುಗಿ ಮಾಡುತ್ತಿದ್ದರು. ಇವಳು ಚಿಕ್ಕ ಮಗು ಕಟ್ಟಿಕೊಂಡು ತಿರುಗುವುದೆಲ್ಲಿಂದ ಬಂತು? ಕುಳಿತಲ್ಲೇ ಮಾಡುತ್ತಿದ್ದಳು. ಗಾಲ್ಫ್ ಆಟವನ್ನು ಟೀವಿಯಲ್ಲಿ ಬಿಟ್ಟರೆ ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದ್ದಳು, ಅಷ್ಟೆ. ಹಸಿರಿನ ನಡುವೆ ಒಬ್ಬನೇ ಒಬ್ಬ ನಡೆದುಹೋಗುತ್ತಿದ್ದ.

ಅವಳು ಏನು ಮಾರುತ್ತಾಳೆಂದು ಕಟ್ಟಡದಲ್ಲಿ ಯಾರಿಗೂ ತಿಳಿಯದು. ಕಟ್ಟುಗಳು ಬಂದು ಹೋಗುವುದನ್ನು ನೋಡಿ ಎದುರುಮನೆಯಾಕೆ ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

"ಏನಮ್ಮಾ, ಕರ್ಟನ್ ರಾಡು ಭಾರಿ ಚೆನ್ನಾಗಿ ಓಡ್ತಿದೆ ಅಂತ ಕಾಣುತ್ತೆ! ನಮ್ಮ ಹಾಲ್‌ಗೂ ಎರಡು ಕೊಡೇ ಮಾರಾಯ್ತಿ."

"ಅದು ಕರ್ಟನ್ ರಾಡ್ ಅಲ್ಲ ಆಂಟಿ, ಗಾಲ್ಫ್ ಶಾಫ್ಟು."

"ಹೌದಾ? ಅದಕ್ಕೂ ಕರ್ಟನ್ ಹಾಕ್ತಾರಾ?"

ಇಷ್ಟು ಮಾತಾದರೆ ಆ ದಿನ ಮಾತು ಚೆನ್ನಾಗಿ ಆಯಿತೆಂದು ಲೆಕ್ಕ. ಗಂಡ ಲಿಫ್ಟ್ ಕೂರಿಸುವ ಕೆಲಸದವನು. ಎಲ್ಲಿ ಹೊಸ ಕಟ್ಟಡ ಏಳುತ್ತದೋ ಅಲ್ಲಿ ಅವನ ವಾಸ. ಫೋನು ಮಾಡುತ್ತಿದ್ದ, ಆದರೆ ಅವನ ಬೆನ್ನ ಹಿಂದೆ ಯಾವಾಗಲೂ ಡ್ರಿಲ್ಲಿನ ಸದ್ದು. "ಊಟ ಆಯ್ತಾ? ಪುಟ್ಟಿ ಏನು ಮಾಡ್ತಿದಾಳೆ? ಹಾಂ? ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ." ಗಿರಾಕಿಗಳೆಲ್ಲ ಈಗ ಮೆಸೇಜಿನ ಜನ. ಬೇಕಾದ್ದನ್ನು ಒತ್ತಿ ಕಳಿಸುತ್ತಾರೆ, ತಲುಪಿದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ವರ್ಷಗಟ್ಟಲೆ ವ್ಯವಹಾರ ಮಾಡಿದವರ ದನಿ ಗಂಡಸಿನದೋ ಹೆಂಗಸಿನದೋ ಅವಳಿಗೆ ಗೊತ್ತಿಲ್ಲ. ಬೆಳಗ್ಗೆ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಬಂದರೆ ಆ ಕೋಣೆಯಲ್ಲಿ ಟೇಪು ಎಳೆಯುವ ಕರ್ ಕರ್ ಸದ್ದೊಂದೇ.

ಇನ್ನೂ ಫೋನಿನಲ್ಲೇ ಮಾತಾಡುವವನು ಒಬ್ಬನೇ. ಅಪ್ಪನ ಕಾಲದ ಗಿರಾಕಿ, ಬೇರೆ ಊರಿನ ಕೋಲು ಕಟ್ಟುವವ. ಅಪ್ಪ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಇವಳು ಮೇಸ್ತ್ರಿ ಮಾಮ ಎನ್ನುತ್ತಿದ್ದಳು. ಮುಖ ನೋಡಿದ್ದಿಲ್ಲ. ಆದರೆ ಅವನ ಕೆಮ್ಮು ಗೊತ್ತು, ಅವನ ಕೆಟಲು ಕುದಿಯುವ ಶಿಳ್ಳೆ ಗೊತ್ತು, ಅವನ ಅಂಗಡಿಯ ಬಾಗಿಲಿಗೆ ಎಣ್ಣೆ ಬೇಕಾಗಿದೆ ಎಂಬುದೂ ಗೊತ್ತು. ಒಂದು ಗ್ರಿಪ್ಪು ಬೇಕಿದ್ದರೂ ಕೂತು ಅರ್ಧ ಗಂಟೆ ಮಾತು.

"ಏನಮ್ಮಾ ಗಾಬರಿ, ಹೇಗಿದೀಯಾ? ಇವತ್ತು ಯಾವುದಕ್ಕೆ ಗಾಬರಿ?"

"ಯಾವುದಕ್ಕೂ ಇಲ್ಲ ಮಾಮ."

"ಅಯ್ಯೋ, ಹಾಗಾದ್ರೆ ಹುಷಾರಿಲ್ವಾ ನಿಂಗೆ?"

ಗಾಬರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ವ್ಯಾಪಾರಕ್ಕೆ ಕೂತ ಹೊಸತರಲ್ಲಿ, ಅಂಟಿನ ಎರಡು ಬಾಟಲಿಗಳ ಮುಚ್ಚಳ ಅದಲುಬದಲಾಗಿರಬಹುದೆಂದು ಅವಳಿಗೆ ಅನುಮಾನ ಬಂತು. ತಡೆಯಲಾರದೆ ಫೋನು ಮಾಡಿದಳು. ಅವನು ಕಟ್ಟಿ ಮುಗಿಸಿದ್ದ ಕೋಲುಗಳನ್ನೆಲ್ಲ ಬಿಚ್ಚಿದ. ಬಿಚ್ಚುವುದೆಂದರೆ ಬೆಂಕಿಯ ಉರಿ ಹಿಡಿದು ತಲೆ ಕಾಯಿಸಿ, ಅಂಟು ಕರಗಿಸಿ, ಇಕ್ಕಳದಲ್ಲಿ ಎಳೆಯುವುದು. ಕಾಲರು ಸುಟ್ಟು ಮುರುಟಿ ಹೋಗುತ್ತದೆ, ಹೊಳಪು ಕೆಡುತ್ತದೆ. ಅಂಟಿಗೆ ಏನೂ ಆಗಿರಲಿಲ್ಲ. ಇನ್ನೊಂದು ಸಲ ತಲೆಗಳ ಬಗ್ಗೆ ಅನುಮಾನ. ಅದೂ ಸುಳ್ಳು. ಮೂರನೆಯ ಸಲ ಶಾಫ್ಟಿನ ಅಳತೆಯ ಅನುಮಾನ. ಗಿರಾಕಿ ಅಂಗಡಿಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದಾಗ ಫೋನು ಹೋಗಿತ್ತು. ಮೇಸ್ತ್ರಿ ಆ ಗಿರಾಕಿಯನ್ನು ವಾಪಸು ಕಳಿಸಿ, ಬೈಸಿಕೊಂಡು, ಎಲ್ಲ ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿತ್ತು. ಅವತ್ತು ಸಂಜೆ ಅವನೇ ಫೋನು ಮಾಡಿದ. ತಮಾಷೆ ಇರಲಿಲ್ಲ.

"ನೋಡಮ್ಮಾ, ನಿಮ್ಮಪ್ಪನ ಮುಖ ನೋಡ್ಕೊಂಡು ಸುಮ್ನಿದೀನಿ. ಇನ್ನೊಂದ್ಸಲ ಹೀಗೆ ಬಿಚ್ಚು ಅಂತ ಫೋನ್ ಬಂದ್ರೆ ನಾನು ಬೇರೆ ಕಡೆ ತಗೋತೀನಿ. ಕೋಪಕ್ಕಲ್ಲ ಹೇಳ್ತಿರೋದು. ನನ್ನ ಕೈಲಿ ಆಗಲ್ಲ."

"ಇಲ್ಲ ಮಾಮ. ಇನ್ನು ಮಾಡಲ್ಲ."

"ಅಳ್ಬೇಡ."

"ಅಳ್ತಿಲ್ಲ."

"ಮೂಗು ಯಾಕೆ ಕಟ್ಟಿದೆ ಮತ್ತೆ?"

ಆಮೇಲೂ ಮೊದಲಿನ ಹಾಗೇ ಮಾತಾಡಿಸುತ್ತಿದ್ದ. ಅವಳೂ ಮಾತು ಉಳಿಸಿಕೊಂಡಿದ್ದಳು. ಅನುಮಾನಗಳು ಬರುತ್ತಿದ್ದವು, ಬಂದು ಒಳಗೇ ಒಣಗುತ್ತಿದ್ದವು. ಹೇಳಿಕೊಳ್ಳಬೇಕಾದವನಿಗೇ ಹೇಳುವಂತಿಲ್ಲ. ಹೇಳಿದರೆ ಹೋಗುವುದು ಬರೀ ಒಬ್ಬ ಗಿರಾಕಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಈ ಸಲದ ಕಟ್ಟು ಹೋದದ್ದು ಅವನಿಗೇ.

ಅದು ಹೀಗಾಯಿತು. ಶಾಫ್ಟುಗಳಲ್ಲಿ ದಪ್ಪ ತುದಿಯವು, ತೆಳು ತುದಿಯವು ಎಂದು ಎರಡು ಬಗೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು. ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಒಂದೇ, ಹೊಳಪು ಒಂದೇ. ದಪ್ಪ ತುದಿಯವಕ್ಕೆ ದೊಡ್ಡ ತೂತಿನ ತಲೆ, ತೆಳು ತುದಿಯವಕ್ಕೆ ಸಣ್ಣ ತೂತಿನ ತಲೆ. ದೊಡ್ಡ ತೂತಿನ ತಲೆಗೆ ತೆಳು ಶಾಫ್ಟು ಇಟ್ಟರೆ ಅಂಟು ಸುತ್ತ ತುಂಬಿಕೊಂಡು ಗಟ್ಟಿಯಾಗಿಯೇ ಕೂರುತ್ತದೆ. ಒಂದಷ್ಟು ದಿನ ಆಟವೂ ಆಗುತ್ತದೆ. ಆಮೇಲೊಂದು ದಿನ, ಜೋರಾಗಿ ಬೀಸಿದಾಗ ಅಂಟು ಬಿರಿದು ತಲೆ ಕಿತ್ತುಕೊಂಡು ಹೋಗುತ್ತದೆ. ಕಾಲು ಕೆಜಿ ಕಬ್ಬಿಣ. ಎಲ್ಲಿಗೆ ಹೋಗುತ್ತದೆಂದು ಬೀಸಿದವನಿಗೂ ತಿಳಿಯದು.

ಹೊರಗಿನಿಂದ ಬರುವ ದಪ್ಪ ತುದಿಯ ಪೆಟ್ಟಿಗೆಗಳಲ್ಲಿ ಒಂದೆರಡು ತೆಳುವಿನವು ಸೇರಿಕೊಂಡಿರುವುದು ಮಾಮೂಲು. ಅಪ್ಪ ಅವನ್ನು ಕಳ್ಳರು ಎನ್ನುತ್ತಿದ್ದರು. "ಕಳ್ಳರನ್ನ ಹಿಡಿದಾಯ್ತಾ?" ಎಂದೇ ಕೇಳುತ್ತಿದ್ದರು. ಹಿಡಿಯುವುದಕ್ಕೆ ಅಂಗೈಯಗಲದ ಹಿತ್ತಾಳೆಯ ತಗಡು, ಅದರಲ್ಲಿ ಎರಡು ತೂತು. ಸಣ್ಣ ತೂತಿನೊಳಗೆ ಹೋಯಿತೆಂದರೆ ಕಳ್ಳ. ಅದನ್ನು ನೀಲಿ ಟೇಪಿನ ಕೊಳವೆಗೆ ಹಾಕುವುದು. ಹೋಗದೆ ಉಳಿದವಕ್ಕೆ ಕೆಂಪು ಟೇಪು. ಕೆಂಪು ಟೇಪು ಸುತ್ತಿ ಬಂದ ಕಟ್ಟನ್ನು ಕಟ್ಟುವವರು ಮತ್ತೆ ಅಳೆಯುವುದಿಲ್ಲ. ಅದು ಅಪ್ಪನ ಕಾಲದಿಂದ ನಡೆದುಬಂದ ಮಾತು. ಬೇರೆ ಮಾರಾಟಗಾರರು ಅಗ್ಗಕ್ಕೆ ಕೊಟ್ಟರೂ ಜನ ಇವಳ ಹತ್ತಿರ ತೆಗೆದುಕೊಳ್ಳುತ್ತಿದ್ದದ್ದು ಆ ಟೇಪಿಗಾಗಿ.

ಅವತ್ತು ಶಿಶುವಿಹಾರಕ್ಕೆ ರಜೆ. ಮೇಜಿನ ಎಡಕ್ಕೆ ಅಳೆದವು, ಬಲಕ್ಕೆ ಅಳೆಯದವು. ಇವಳು ಅಳೆಯುತ್ತಿದ್ದಳು, ಮಗಳು ಕೆಳಗೆ ಕೂತು ಕಾಲರುಗಳನ್ನು ಮಣಿಯಂತೆ ಪೋಣಿಸುತ್ತಿದ್ದಳು. ಸದ್ದು ನಿಂತಿತು. ಮಕ್ಕಳ ಸದ್ದು ನಿಂತಿತೆಂದರೆ ತಾಯಿಯ ಕಿವಿ ನೆಟ್ಟಗಾಗುತ್ತದೆ.

"ಅಮ್ಮಾ, ಉಂಗುರ ಬರ್ತಿಲ್ಲ."

ಕಾಲರೊಂದು ಬೆರಳಿನ ಬುಡದಲ್ಲಿ ಕಚ್ಚಿ ಕೂತಿತ್ತು. ಬೆರಳು ಆಗಲೇ ಕೆಂಪಗೆ ಊದಿತ್ತು. ಮೊಳಕೈಯಿಂದ ಶಾಫ್ಟುಗಳನ್ನು ಆಚೀಚೆ ಸರಿಸಿ ಮಗಳನ್ನು ಮೇಜಿನ ಮೇಲೆ ಕೂರಿಸಿದಳು, ಸೋಪು ತಂದಳು, ಎಣ್ಣೆ ತಂದಳು, ಬೆರಳು ಕತ್ತರಿಸುವ ಡಾಕ್ಟರನವರೆಗೂ ಯೋಚಿಸಿ ಬಂದಳು. ಮಗಳು ಅತ್ತಳು, ಇವಳೂ ಅತ್ತಳು. ಕೊನೆಗೆ ಕಾಲರು ಜಾರಿ ಟಕ್ಕೆಂದು ನೆಲಕ್ಕೆ ಬಿತ್ತು. ಮಗಳು ಕಣ್ಣೀರು ಒರೆಸಿಕೊಂಡು, "ಇನ್ನೊಂದು ಹಾಕ್ಲಾ?" ಎಂದಳು.

ಕೊರಿಯರಿನವನು ಬೆಲ್ಲು ಒತ್ತಿದ. ಅವಳು ಎಡಗಡೆಯ ರಾಶಿ ಎತ್ತಿ ಕೆಂಪು ಟೇಪು ಸುತ್ತಿ ಕೊಟ್ಟಳು. ಬಾಗಿಲು ಹಾಕಿಕೊಂಡು ತಿರುಗಿದಾಗ ಗೊತ್ತಾಯಿತು: ಮಗಳ ಬೆರಳು ಹಿಡಿದುಕೊಳ್ಳಲು ನಾನು ಮೇಜಿನ ಆಚೆ ಬದಿಗೆ ಹೋಗಿದ್ದೆ. ಟೇಪು ಸುತ್ತುವಾಗಲೂ ಅಲ್ಲೇ ನಿಂತಿದ್ದೆನಾ? ನಿಂತಿದ್ದರೆ ಆ ಎಡ ಎಡವಲ್ಲ.

ಉಳಿದ ರಾಶಿಯನ್ನು ಕೂಡಲೇ ಅಳೆದಳು. ಒಂದೂ ಸಣ್ಣ ತೂತಿಗೆ ಇಳಿಯಲಿಲ್ಲ. ಎಲ್ಲ ದಪ್ಪವೇ. ನೀಲಿ ಕೊಳವೆಗೆ ಈ ಸಲ ಒಂದೂ ಹೊಸದು ಬಿದ್ದಿರಲಿಲ್ಲ. ಹಾಗಾದರೆ ಪೆಟ್ಟಿಗೆಯಲ್ಲಿ ಕಳ್ಳರೇ ಇರಲಿಲ್ಲವೋ? ಇಲ್ಲ, ಎಲ್ಲ ಆ ಕಟ್ಟಿನೊಳಗೇ ಕೂತು ಹೊರಟುಹೋದರೋ?

ಗಂಡನಿಗೆ ಫೋನು ಮಾಡಿದಳು.

"ಪೆಟ್ಟಿಗೇಲಿ ಇರ್ಲಿಲ್ಲ ಅಂತಿಟ್ಕೋ. ಮುಗೀತಲ್ಲ" ಎಂದ.

"ಯಾವಾಗ್ಲೂ ಒಂದಾದ್ರೂ ಇರುತ್ತೇರೀ."

"ಈ ಸಲ ಇಲ್ಲ. ಒಳ್ಳೇದೇ ಆಯ್ತಲ್ಲ? ಕಳ್ಳ ಬರ್ಲಿಲ್ಲ ಅಂತ ಅಳೋರನ್ನ ನಿನ್ನೊಬ್ಬಳನ್ನೇ ನೋಡಿದ್ದು."

"ಮೇಸ್ತ್ರಿ ಮಾಮಂಗೆ ಹೇಳಲಾ?"

"ಹೇಳಿ ನೋಡು. ಇರೋ ಒಬ್ಬನೂ ಓಡಿಹೋಗ್ಲಿ." ಡ್ರಿಲ್ಲು ಶುರುವಾಯಿತು. "ಏನಂದೆ? ಕೇಳಿಸ್ತಿಲ್ಲ..."

ಅವಳು ಏನೂ ಅಂದಿರಲಿಲ್ಲ.

ಹೇಳದಿರಲು ಕಾರಣಗಳು ಬೇಕಾದಷ್ಟಿದ್ದವು. ಮೂರು ಸಲ ಸುಳ್ಳಾಗಿದೆ, ಇದೂ ಹಾಗೇ. ಮಗಳಿಗೆ ಸ್ವಲ್ಪ ಮೈ ಬಿಸಿಯಾದರೆ ದೊಡ್ಡ ಕಾಯಿಲೆಯೆಂದು ಹೆದರುವವಳು ತಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಹಿಂದಕ್ಕೆ ಬಂದವಳು. ಅವಳ ಚಿಂತೆಗಳ ಪೈಕಿ ನಿಜವಾದದ್ದು ಇವತ್ತಿನವರೆಗೆ ಒಂದೂ ಇಲ್ಲ. ಇದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

ಹೇಳಲೇಬೇಕೆನ್ನುವುದಕ್ಕೆ ಇದ್ದದ್ದು ಒಂದೇ ಕಾರಣ. ಆರ್ಡರು ಕೊಡುವಾಗ ಮೇಸ್ತ್ರಿ ಮಾಮ ಅಂದಿದ್ದ: "ಇದು ಮಕ್ಕಳಿಗೆ ಗಾಲ್ಫ್ ಕಲಿಸೋ ಮೇಷ್ಟ್ರಿಗಮ್ಮಾ. ಪಾಪ, ಹಳೇ ಕೋಲು ಬೀಸಿ ಬೀಸಿ ತೋರಿಸ್ತಿದಾನೆ. ಮಕ್ಕಳು ಬೆಂಚ್ ಮೇಲೆ ಸಾಲಾಗಿ ಕೂತ್ಕೊಂಡು ಬಾಯ್ಬಿಟ್ಕೊಂಡು ನೋಡ್ತಾವೆ. ನಾನೂ ಒಂದಿನ ಹೋಗಿ ನೋಡ್ದೆ." ಆ ಬೆಂಚನ್ನು ಅವಳು ನೋಡಿಲ್ಲ. ಆದರೂ ಅದು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ಅದರ ಮೇಲೆ ಕೂತ ಮಕ್ಕಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕೆಲವಕ್ಕೆ ಹಾಲುಹಲ್ಲು ಬಿದ್ದಿತ್ತು. ಮೇಷ್ಟ್ರು ಕೋಲು ಹಿಂದಕ್ಕೆತ್ತುತ್ತಿದ್ದರು. ಅಲ್ಲಿಗೆ ಅವಳು ತಲೆ ಕೊಡವಿಕೊಂಡು ಪಾತ್ರೆ ತೊಳೆಯಲು ಏಳುತ್ತಿದ್ದಳು, ತೊಳೆದಿದ್ದ ಪಾತ್ರೆಯನ್ನೇ.

ದಿನಕ್ಕೊಮ್ಮೆ ಫೋನು ಕೈಗೆತ್ತಿಕೊಳ್ಳುವುದು, ಅವನ ನಂಬರು ತೆಗೆಯುವುದು, ಮತ್ತೆ ಇಡುವುದು. ಒಂದು ಸಲ ಒತ್ತಿಯೇ ಬಿಟ್ಟಿದ್ದಳು. ಎರಡು ರಿಂಗಾಗುವುದರಲ್ಲಿ ಕತ್ತರಿಸಿದಳು. ಅವನು ತಿರುಗಿ ಮಾಡಿದ.

"ಏನಮ್ಮಾ?"

"ಏನಿಲ್ಲ ಮಾಮ. ಕೈ ತಾಗ್ತು."

"ಪುಟ್ಟಿ ಒತ್ತಿದ್ಲಾ?"

"ಹೂಂ, ಪುಟ್ಟಿ."

"ಕೊಡು ಅವಳಿಗೆ, ನಾನು ಬೈತೀನಿ."

ಮಗಳಿಗೆ ಕೊಟ್ಟಳು. ಅವನು ಬೆಕ್ಕಿನಂತೆ ಮಿಯಾವ್ ಎಂದ. ಮಗಳು ಕೇಕೆ ಹಾಕಿ ನಕ್ಕಳು. ಇವಳು ಗೋಡೆಗೆ ಒರಗಿ ನಿಂತು ಆ ನಗು ಕೇಳಿದಳು. ಈಗ ಹೇಳಿಬಿಡಬೇಕು, ಈಗಲೇ, ಎಂದುಕೊಳ್ಳುತ್ತಿದ್ದಂತೆ ಮಗಳು ಕೆಂಪು ಗುಂಡಿ ಒತ್ತಿ ಫೋನು ಮುಗಿಸಿದಳು.

ಮರುದಿನ ಮಗಳನ್ನು ಶಿಶುವಿಹಾರದಿಂದ ಕರೆತಂದು, ಬ್ರೆಡ್ಡಿಗೆ ಜ್ಯಾಮು ಸವರಿ ತಿನ್ನಿಸಿ, ಮಲಗಿಸಿ ಈಚೆ ಬರುವಷ್ಟರಲ್ಲಿ ಮೆಸೇಜಿನ ಸದ್ದಾಯಿತು. ಮೇಸ್ತ್ರಿ ಮಾಮ. ಅವನು ಮೆಸೇಜು ಮಾಡುವವನಲ್ಲ. ಮಾಡಿದರೂ ಬಾಯಲ್ಲಿ ಹೇಳಿ ಕಳಿಸುತ್ತಿದ್ದ. ಇದೂ ಹಾಗೇ. ಅವಳು ಕಿವಿಗೆ ಹಿಡಿದಳು. ಅವನ ಹಿಂದೆ ಕೆಟಲು ಕುದಿಯುತ್ತಿತ್ತು.

"ಗಾಬರೀ, ಮಗು ಮಲಗಿದ್ರೆ ಎದ್ದೀತು ಅಂತ ಫೋನ್ ಮಾಡ್ಲಿಲ್ಲ. ಮುಂದಿನ ಕಟ್ಟಿನ ಜೊತೆ ಒಂದಿಷ್ಟು ಕಾಲರು ಹಾಕಮ್ಮಾ. ಈ ಸಲದ್ರಲ್ಲಿ ಎರಡು ಸಡಿಲ ಬಂದಿದ್ವು. ಸುತ್ತಿಗೇಲಿ ತಟ್ಟೋದೇ ಬೇಡ, ಪುಸಕ್ಕಂತ ಜಾರಿ ಕೂತ್ಕೊಂಡ್ವು. ಅಂಟು ಜಾಸ್ತಿ ಹಾಕಿ ಸರಿ ಮಾಡ್ದೆ. ಆ ಕಾಲರ್ ಮಾಡೋನಿಗೆ ಚೆನ್ನಾಗಿ ಉಗಿ. ಆಯ್ತಾ? ಇಡ್ತೀನಿ."

ಅವಳು ಇನ್ನೊಮ್ಮೆ ಕೇಳಿದಳು. ಹಿಂದಿನ ಕೋಣೆಗೆ ಹೋದಳು.

ಕಾಲರುಗಳ ಅದೇ ಚೀಲ, ಅದೇ ಬ್ಯಾಚು. ಅವನಿಗೆ ಅರ್ಧ ಕಳಿಸಿ ಉಳಿದರ್ಧ ಗೂಡಿನಲ್ಲಿಟ್ಟಿದ್ದಳು. ಒಂದನ್ನು ತೆಗೆದು ದಪ್ಪ ಶಾಫ್ಟಿಗೆ ಇಟ್ಟಳು. ಒತ್ತಿದರೆ ಹೋಗಲಿಲ್ಲ, ಮರದ ಸುತ್ತಿಗೆಯಲ್ಲಿ ತಟ್ಟಬೇಕಾಯಿತು. ಇನ್ನೊಂದು, ಮತ್ತೊಂದು. ಎಲ್ಲ ಬಿಗಿ. ಆಮೇಲೆ ನೀಲಿ ಕೊಳವೆಯಿಂದ ಒಬ್ಬ ಹಳೆಯ ಕಳ್ಳನನ್ನು ಎಳೆದು ಅದರ ತುದಿಗೆ ಕಾಲರು ತೂರಿಸಿದಳು. ಕೈ ಬಿಟ್ಟ ಕೂಡಲೇ ಜಾರಿಹೋಗಿ, ಶಾಫ್ಟು ಹಿಡಿದಿದ್ದ ಅವಳ ಬೆರಳಿಗೆ ತಾಗಿತು.

ಕಾಲರು ಸಡಿಲವಿರಲಿಲ್ಲ. ಶಾಫ್ಟು ತೆಳುವಾಗಿತ್ತು.

ಇಷ್ಟು ವರ್ಷ ಕೋಲು ಕಟ್ಟಿದ ಮನುಷ್ಯ. ಬೇರೆ ಯಾರ ಮಾಲಾಗಿದ್ದರೂ ಕಾಲರು ಜಾರಿದ ಕೂಡಲೇ ತಡೆದು, ಶಾಫ್ಟಿನ ತುದಿಗೆ ಅಳತೆ ಹಿಡಿಯುತ್ತಿದ್ದ. ಕೆಂಪು ಟೇಪು ನೋಡಿದ್ದಾನೆ, ಹಾಗಾಗಿ ಪ್ಲಾಸ್ಟಿಕ್ಕಿನ ಮೇಲೆ ಅನುಮಾನಪಟ್ಟಿದ್ದಾನೆ. ಅವಳ ಮೇಲೆ ಪಡುವುದು ಅವನಿಗೆ ಹೊಳೆದೇ ಇಲ್ಲ. ಗಾಬರಿ ಗಾಬರಿ ಎಂದು ಆಡಿಸುತ್ತಿದ್ದವನು ಒಳಗೊಳಗೇ ಅವಳ ಕೈಯನ್ನು ಇಷ್ಟು ನಂಬಿದ್ದ. ಅವಳಿಗೆ ಅದು ಇವತ್ತು ಗೊತ್ತಾಯಿತು, ಇಂಥ ದಿನ.

ಅವಳು ಪೆಟ್ಟಿಗೆಯ ಮೇಲೆ ಕೂತಳು. ಇಷ್ಟು ದಿನ ಎಲ್ಲಿ ಸುಳ್ಳಾಗಿಬಿಡುತ್ತದೋ ಎಂದು ಫೋನು ಮಾಡಿರಲಿಲ್ಲ. ಈಗ ನಿಜವಾಗಿತ್ತು, ಈಗಲೂ ಕೈ ಏಳಲಿಲ್ಲ. ಸುಳ್ಳಾದರೆ ಅವನು ಬೈದು ಸುಮ್ಮನಾಗಬಹುದಿತ್ತು. ಅಪ್ಪನ ಟೇಪು ಸುತ್ತಿ ಅಳೆಯದ ಮಾಲು ಕಳಿಸಿದ್ದಕ್ಕೆ ಯಾರು ಸುಮ್ಮನಾಗುತ್ತಾರೆ? ಪಕ್ಕದ ಕೋಣೆಯಲ್ಲಿ ಮಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಸದ್ದು. ಕೆಳಗೆ ರಸ್ತೆಯಲ್ಲಿ ಶಾಲೆಯ ವ್ಯಾನೊಂದು ಹಾರ್ನು ಹೊಡೆಯಿತು. ಶಾಲೆ ಬಿಡುವ ಹೊತ್ತು. ಆ ಊರಿನಲ್ಲೂ ಬಿಟ್ಟಿರುತ್ತದೆ. ಮಕ್ಕಳು ಬೆಂಚಿನ ಕಡೆಗೆ ಹೊರಟಿರುತ್ತಾರೆ.

ಅವಳು ನಂಬರು ಒತ್ತಿದಳು. ಈ ಸಲ ರಿಂಗು ಎಣಿಸಲಿಲ್ಲ.

"ಏನಮ್ಮಾ ಗಾಬರಿ, ಉಗಿದ್ಯಾ ಅವನಿಗೆ?"

"ಮಾಮ, ಕಾಲರ್ ಸರಿಯಾಗೇ ಇದೆ."

"ಎಲ್ಲಿ ಸರಿ ಇದೆ? ನನ್ನ ಕೈಯಾರೆ ಹಾಕಿದೀನಿ, ಪುಸಕ್ಕಂತ..."

"ಶಾಫ್ಟ್ ತೆಳು ಮಾಮ. ಆ ಎರಡೂ ಕಳ್ಳರು."

ಆ ಕಡೆ ಏನೋ ಮೇಜಿನ ಮೇಲೆ ಇಟ್ಟ ಸದ್ದು.

"ಕೆಂಪು ಟೇಪ್ ಇತ್ತು."

"ಸುತ್ತಿದ್ದು ನಾನೇ. ಅಳೆಯದೇ ಇರೋ ರಾಶಿಗೆ ಸುತ್ತಿಬಿಟ್ಟಿದೀನಿ. ಈಗ ಕಾಲರ್ ಹಾಕಿ ನೋಡ್ದೆ. ದಪ್ಪದ್ದಕ್ಕೆ ತಟ್ಟಬೇಕು. ತೆಳುದಕ್ಕೆ ಜಾರುತ್ತೆ."

ಅವನು ಕೆಮ್ಮಿದ.

"ಮಾಮ, ಆ ಎರಡು ಕೋಲು ಎಲ್ಲಿವೆ?"

"ಮೇಷ್ಟ್ರು ಬೆಳಗ್ಗೆ ತಗೊಂಡು ಹೋದ. ಪಾಠ ಇದೆ, ಬೀಸಿ ನೋಡ್ತೀನಿ ಅಂದ. ಮಿಕ್ಕವು ಇಲ್ಲೇ ಇವೆ." ಕುರ್ಚಿ ಹಿಂದಕ್ಕೆ ಸರಿಯಿತು. "ಇಡ್ಬೇಡ. ಅಂಗಡಿ ಫೋನಿಂದ ಮಾಡ್ತೀನಿ ಅವನಿಗೆ. ಇಡ್ಬೇಡ ನೀನು."

ಅವಳು ಕಿವಿಗೆ ಒತ್ತಿ ಹಿಡಿದಳು. ದೂರದಲ್ಲಿ ಗುಂಡಿಗಳನ್ನು ಒತ್ತಿದ ಸದ್ದು. ಅವನು ಏನೋ ಗೊಣಗಿದ. ಮತ್ತೆ ಗುಂಡಿಗಳು. ಎತ್ತುತ್ತಿಲ್ಲ ಎಂದು ಅವಳಿಗೆ ಅರ್ಥವಾಯಿತು. ಎದುರಿನ ಗೋಡೆಯಲ್ಲಿ ರಟ್ಟಿನ ಕೊಳವೆಗಳ ಬಾಯಿಗಳು ಸಾಲಾಗಿ ಅವಳನ್ನೇ ನೋಡುತ್ತಿದ್ದವು.

"ಮೇಷ್ಟ್ರೇ! ಎಲ್ಲಿದೀರಿ? ... ಕೋಲು ಎಲ್ಲಿದೆ? ನಾನು ಕೊಟ್ಟಿದ್ದು, ಬೆಳಗ್ಗೆ ಕೊಟ್ಟಿದ್ದು! ... ಡಿಕ್ಕಿಯಲ್ಲೇ ಇದೆಯಾ? ... ಹೊರಗೆ ತೆಗೀಬೇಡಿ. ಇಲ್ಲ, ಒಂದೇ ಒಂದು ಸಲಕ್ಕೂ ಬೇಡ. ... ಯಾಕೆ ಅಂದ್ರೆ ತಲೆ ಹಾರುತ್ತೆ ಅದಕ್ಕೆ! ... ಕೋಲಿಂದು, ನಿಮ್ದಲ್ಲ. ... ಹಳೇದ್ರಲ್ಲೇ ತೋರಿಸಿ ಇವತ್ತು. ಬೀಗ ಹಾಕಿ ಡಿಕ್ಕಿಗೆ. ಹಾಕಿದ್ರಾ? ನಾನು ಸಂಜೆ ಬಂದು ಒಯ್ತೀನಿ."

ಹೆಜ್ಜೆಗಳು ಹತ್ತಿರ ಬಂದವು.

"ಕೇಳಿಸ್ತಾ?"

"ಹೂಂ."

"ಯಾವತ್ತು ಗೊತ್ತಾಯ್ತು ನಿಂಗೆ?"

"ಗೊತ್ತಾಗಿದ್ದು ಈಗ. ಅನುಮಾನ ಅವತ್ತೇ ಬಂದಿತ್ತು, ಕೊರಿಯರ್‌ನವನು ಮೆಟ್ಟಿಲಿಳೀತಿದ್ದಾಗ."

"ಮತ್ತೆ ಹೇಳ್ಲಿಲ್ಲ."

"ಇನ್ನೊಂದ್ಸಲ ಫೋನ್ ಮಾಡಿದ್ರೆ ಅಂತ ನೀವೇ..."

"ಹೂಂ. ಅಂದಿದ್ದೆ."

ಬಿಡು ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ. ಕೆಟಲು ತಣ್ಣಗಾಗಿರಬೇಕು, ಅದರ ಸದ್ದೂ ಇರಲಿಲ್ಲ. ಅವನು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿಕೊಂಡದ್ದು ಅವಳಿಗೆ ಕೇಳಿಸಿತು.

"ಮಿಕ್ಕವನ್ನೂ ಬಿಚ್ಬೇಕು" ಎಂದ ಕೊನೆಗೆ. "ಇನ್ನು ಯಾವುದು ಹೇಗೆ ಕೂತಿದೆಯೋ ಯಾರಿಗೆ ಗೊತ್ತು."

"ಸಂಜೆ ಗಾಡೀಗೆ ಹೊಸ ಶಾಫ್ಟ್ ಹಾಕ್ತೀನಿ ಮಾಮ. ಒಂದೊಂದೂ ಅಳೆದು."

"ಅದು ಆಮೇಲಿನ ಮಾತು."

ಇಕ್ಕಳ ಎಳೆದುಕೊಂಡ ಸದ್ದು. ಬೆಂಕಿಯ ಉರಿ ಹೊತ್ತಿಕೊಂಡು ಸುಂಯ್ ಎಂದಿತು. ಈಗ ಇಡುತ್ತಾನೆ, ಇಟ್ಟಮೇಲೆ ಇನ್ನು ಮಾಡುತ್ತಾನೋ ಇಲ್ಲವೋ ಎಂದು ಅವಳು ಕಾದಳು. ಅವನು ಇಡಲಿಲ್ಲ.

"ಮಾಮ, ನೀವು ಬಿಚ್ಚೋವರೆಗೂ ನಾನು ಫೋನಲ್ಲೇ ಇರ್ಲಾ?"

ಉರಿಯ ಸದ್ದು ಹಾಗೇ ಇತ್ತು. ಕಬ್ಬಿಣದ ತಲೆಯೊಂದು ತಗಡಿನ ಡಬ್ಬಿಗೆ ಬಿತ್ತು.

"ಇರು. ಮಾತಾಡ್ಬೇಡ, ಅಷ್ಟೆ" ಎಂದು ಅವನು ಫೋನನ್ನು ಎಲ್ಲಿಯೋ ಗಟ್ಟಿಯಾದ ಜಾಗದಲ್ಲಿ ಅಂಗಾತ ಮಲಗಿಸಿದ.